ಬ್ಲೇಡ್ ರನ್ನರ್: ಮಳೆ ನಿಲ್ಲದ ನಗರಿಗೆ ಮರುಭೇಟಿ

ಭವಿಷ್ಯತ್ತನ್ನು ಕುರಿತ ಚಲನಚಿತ್ರಗಳಿಗೆ ಒಂದು ವಿಚಿತ್ರ ಸಂಕಟವಿದೆ. ಅವು ಹೇಳಿದ ಕಾಲವು ಒಂದಲ್ಲ ಒಂದು ದಿನ ಬಂದೇ ಬರುತ್ತದೆ, ಬಂದು ಹೋಗಿಯೂ ಬಿಡುತ್ತದೆ. 1982ರ ಜೂನ್ 25ರಂದು ಅಮೆರಿಕದಲ್ಲಿ ತೆರೆಕಂಡ ರಿಡ್ಲಿ ಸ್ಕಾಟ್ ನಿರ್ದೇಶನದ ‘ಬ್ಲೇಡ್ ರನ್ನರ್’ ಚಿತ್ರದ ಕಥೆ ನಡೆಯುವುದು 2019ರ ನವೆಂಬರ್ ತಿಂಗಳ ಲಾಸ್ ಏಂಜಲೀಸ್ ನಗರದಲ್ಲಿ. ಆ ನವೆಂಬರ್ ಕಳೆದು ವರ್ಷಗಳೇ ಸಂದವು. ಮನೆಗಳ ಮೇಲೆ ಹಾರುವ ಪೊಲೀಸ್ ಕಾರುಗಳು ಬರಲಿಲ್ಲ, ಅನ್ಯಗ್ರಹಗಳಲ್ಲಿ ವಸಾಹತುಗಳು ಏಳಲಿಲ್ಲ. ಚಿತ್ರದ ಆಕಾಶದಲ್ಲಿ ಜಾಹೀರಾತಾಗಿ ಹೊಳೆಯುವ ಪ್ಯಾನ್ ಆಮ್ ವಿಮಾನ ಸಂಸ್ಥೆಯು 1991ರಲ್ಲಿಯೇ ಮುಚ್ಚಿಹೋಯಿತು. ಆದರೆ ಒಂದು ಆಕಸ್ಮಿಕ ಮಾತ್ರ ಮನಸ್ಸನ್ನು ಕಲಕುತ್ತದೆ. ಕಥೆಯಲ್ಲಿ 2019ರಲ್ಲಿ ಸಾಯುವ ರಾಯ್ ಬ್ಯಾಟಿ ಎಂಬ ಕೃತಕ ಮಾನವನ ಪಾತ್ರ ವಹಿಸಿದ್ದ ಡಚ್ ನಟ ರುಟ್ಗರ್ ಹೌವರ್ ಅದೇ 2019ರ ಜುಲೈ 19ರಂದು ನಿಧನರಾದರು.

ಬಿಡುಗಡೆಯಾದಾಗ ಸೋತ, ವಿಮರ್ಶಕರಲ್ಲಿ ಹಲವರಿಗೆ ರುಚಿಸದ, ನಿರ್ಮಾಪಕರು ಮತ್ತು ನಿರ್ದೇಶಕರ ನಡುವೆ ಜಗ್ಗಾಡಿ ಹಲವು ಸಲ ಕತ್ತರಿ ಪ್ರಯೋಗಕ್ಕೆ ಒಳಗಾದ ಈ ಚಿತ್ರವು ಇಂದು ವಿಜ್ಞಾನ ಕಲ್ಪನಾಚಿತ್ರಗಳ ಸಾಲಿನಲ್ಲಿ ಅಗ್ರಸ್ಥಾನದಲ್ಲಿದೆ. 1993ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಯಲ್ಲಿ ಸಂರಕ್ಷಣೆಗೆ ಆಯ್ಕೆಯಾಯಿತು. ಅದರ ಬೀದಿ, ಮಳೆ, ನಿಯಾನ್ ದೀಪಗಳ ಬಗ್ಗೆ ಬರೆದವರಿಗೆ ಲೆಕ್ಕವಿಲ್ಲ. ಆದರೆ ಆ ವೈಭವದ ಅಡಿಯಲ್ಲಿರುವ ಕಥೆಯ ನ್ಯಾಯವನ್ನು, ಅಂದರೆ ಇಲ್ಲಿ ಯಾರು ಯಾರನ್ನು ಪರೀಕ್ಷಿಸುತ್ತಾರೆ, ಕೊನೆಗೆ ತೇರ್ಗಡೆಯಾಗುವವರು ಯಾರು ಎಂಬುದನ್ನು, ಇನ್ನೊಮ್ಮೆ ನೋಡುವುದು ಅಗತ್ಯವೆನಿಸುತ್ತದೆ.

ಕಥೆಯ ಹಂದರ

ಟೈರೆಲ್ ಎಂಬ ಬೃಹತ್ ಸಂಸ್ಥೆಯು ಜೀವತಂತ್ರಜ್ಞಾನದಿಂದ ಕೃತಕ ಮನುಷ್ಯರನ್ನು ತಯಾರಿಸುತ್ತದೆ. ಇವರಿಗೆ ‘ರೆಪ್ಲಿಕಂಟ್’ ಎಂದು ಹೆಸರು. ತಂತಿ, ತಿರುಪು, ತಗಡುಗಳ ಯಂತ್ರಮಾನವರಲ್ಲ ಇವರು. ರಕ್ತಮಾಂಸದವರು, ಬುದ್ಧಿಯಲ್ಲಿ ತಮ್ಮನ್ನು ರೂಪಿಸಿದವರಿಗೆ ಸಮಾನರು, ಬಲದಲ್ಲಿ ಮನುಷ್ಯರಿಗಿಂತ ಹೆಚ್ಚಿನವರು. ಭೂಮಿಯಾಚೆಯ ವಸಾಹತುಗಳಲ್ಲಿ ಗುಲಾಮರಾಗಿ ದುಡಿಯುವುದು ಇವರ ಪಾಡು. ಯುದ್ಧ ಮಾಡುವವರಿದ್ದಾರೆ, ಭಾರ ಹೊರುವವರಿದ್ದಾರೆ, ಸುಖ ನೀಡಲೆಂದೇ ತಯಾರಾದ ಹೆಣ್ಣುಗಳಿದ್ದಾರೆ. ಕಾಲಕ್ರಮೇಣ ಇವರಲ್ಲಿ ಸ್ವಂತ ಭಾವನೆಗಳು ಮೊಳೆಯಬಹುದೆಂಬ ಭಯದಿಂದ ತಯಾರಕರು ಆಯುಸ್ಸನ್ನು ನಾಲ್ಕೇ ವರ್ಷಕ್ಕೆ ಸೀಮಿತಗೊಳಿಸಿದ್ದಾರೆ. ಭೂಮಿಗೆ ಕಾಲಿಟ್ಟರೆ ಇವರಿಗೆ ಮರಣದಂಡನೆ. ಹುಡುಕಿ ಕೊಲ್ಲುವ ಪೊಲೀಸರೇ ‘ಬ್ಲೇಡ್ ರನ್ನರ್’ಗಳು. ಕಾನೂನಿನ ಭಾಷೆಯಲ್ಲಿ ಇದನ್ನು ಕೊಲೆ ಎನ್ನುವುದಿಲ್ಲ, ‘ನಿವೃತ್ತಿ’ ಎನ್ನಲಾಗುತ್ತದೆ. ಹಾರ, ಶಾಲು, ಫಲತಾಂಬೂಲಗಳೊಂದಿಗೆ ಬೀಳ್ಕೊಡುವ ನಮ್ಮ ಕಡೆಯ ಓದುಗರಿಗೆ ಈ ಪದದ ಕ್ರೌರ್ಯವು ಇನ್ನಷ್ಟು ತೀಕ್ಷ್ಣವಾಗಿ ತಟ್ಟೀತು.

ರಾಯ್ ಬ್ಯಾಟಿಯ ನಾಯಕತ್ವದಲ್ಲಿ ತಪ್ಪಿಸಿಕೊಂಡು ಬಂದ ಕೃತಕ ಮಾನವರ ತಂಡವೊಂದು ಲಾಸ್ ಏಂಜಲೀಸಿನಲ್ಲಿ ಅಡಗಿದೆ. ಅವರಿಗೆ ಬೇಕಾದುದು ಇಷ್ಟೇ: ಇನ್ನೊಂದಿಷ್ಟು ಆಯುಸ್ಸು. ಕೆಲಸ ಬಿಟ್ಟಿದ್ದ ರಿಕ್ ಡೆಕರ್ಡ್ ಎಂಬ ಬೇಟೆಗಾರ ಪೊಲೀಸನನ್ನು ಬೆದರಿಸಿ ಮತ್ತೆ ಕೆಲಸಕ್ಕೆ ಹಚ್ಚಲಾಗುತ್ತದೆ. ಹ್ಯಾರಿಸನ್ ಫೋರ್ಡ್ ವಹಿಸಿರುವ ಪಾತ್ರವಿದು. ತನಿಖೆಯ ನಡುವೆ ಆತನು ಟೈರೆಲ್ ಸಂಸ್ಥೆಯಲ್ಲಿರುವ ರೇಚಲ್ ಎಂಬವಳನ್ನು ಭೇಟಿಯಾಗುತ್ತಾನೆ. ಅವಳು ತಾನು ಮನುಷ್ಯಳೆಂದೇ ನಂಬಿದ್ದಾಳೆ. ಆದರೆ ಅವಳ ಬಾಲ್ಯದ ನೆನಪುಗಳೆಲ್ಲ ಟೈರೆಲ್‌ನ ಸೋದರಸಂಬಂಧಿ ಹುಡುಗಿಯಿಂದ ತೆಗೆದು ನೆಟ್ಟವು.

ಕಾದಂಬರಿಯಿಂದ ತೆರೆಗೆ

ಚಿತ್ರದ ಮೂಲವು ಅಮೆರಿಕದ ಲೇಖಕ ಫಿಲಿಪ್ ಕೆ. ಡಿಕ್ 1968ರಲ್ಲಿ ಪ್ರಕಟಿಸಿದ ‘ಡೂ ಆಂಡ್ರಾಯ್ಡ್ಸ್ ಡ್ರೀಮ್ ಆಫ್ ಎಲೆಕ್ಟ್ರಿಕ್ ಶೀಪ್?’ ಎಂಬ ಕಾದಂಬರಿ. ಅಣುಯುದ್ಧದ ಬಳಿಕ ಪ್ರಾಣಿಸಂಕುಲವೇ ಅಳಿಯುತ್ತಿರುವ ಸ್ಯಾನ್ ಫ್ರಾನ್ಸಿಸ್ಕೋ ಅದರ ಭೂಮಿಕೆ. ಜೀವಂತ ಪ್ರಾಣಿಯೊಂದನ್ನು ಸಾಕುವುದೇ ಅಲ್ಲಿ ಪ್ರತಿಷ್ಠೆ. ಅದು ಕೈಗೆಟುಕದ ಡೆಕರ್ಡ್ ವಿದ್ಯುತ್ತಿನ ಕುರಿಯೊಂದನ್ನು ಇಟ್ಟುಕೊಂಡಿದ್ದಾನೆ. ಚಿತ್ರದಲ್ಲಿ ಕುರಿ ಇಲ್ಲ, ಡೆಕರ್ಡ್‌ನ ಹೆಂಡತಿ ಇಲ್ಲ, ಕಾದಂಬರಿಯಲ್ಲಿದ್ದ ಹೊಸ ಮತವೊಂದರ ಪ್ರಸ್ತಾಪವೂ ಇಲ್ಲ. ಕೃತಕ ಗೂಬೆಯೊಂದು, ಕೃತಕ ಹಾವೊಂದು ಮಾತ್ರ ಉಳಿದಿವೆ.

ಇದಕ್ಕಿಂತಲೂ ಮುಖ್ಯವಾದ ವ್ಯತ್ಯಾಸ ಬೇರೆಯದು. ನಾಜಿ ಆಡಳಿತದ ಕುರಿತು ಅಭ್ಯಸಿಸುವಾಗ ಎಸ್‌ಎಸ್ ಪಡೆಯವರ ದಿನಚರಿಗಳನ್ನು ಓದಿದ ಡಿಕ್‌ಗೆ, ಮನುಷ್ಯನ ರೂಪವಿದ್ದೂ ಪರರ ನೋವು ತಟ್ಟದ ಜೀವಿಗಳ ಕಲ್ಪನೆ ಬಂದಿತ್ತು. ಅವರ ಕಾದಂಬರಿಯ ಆಂಡ್ರಾಯ್ಡ್‌ಗಳು ಅಂಥವರು. ಸಿಕ್ಕಿದ ಜೇಡವೊಂದರ ಕಾಲುಗಳನ್ನು ಒಂದೊಂದಾಗಿ ಕತ್ತರಿಸಿ, ಉಳಿದವುಗಳಿಂದ ಅದು ನಡೆಯಬಲ್ಲುದೇ ಎಂದು ನೋಡುವಷ್ಟು ನಿರ್ವಿಕಾರರು. ಚಿತ್ರಕಥೆ ಬರೆದ ಹ್ಯಾಂಪ್ಟನ್ ಫ್ಯಾಂಚರ್ ಮತ್ತು ಡೇವಿಡ್ ಪೀಪಲ್ಸ್ ಅವರ ಕೈಯಲ್ಲಿ ಈ ಸಮೀಕರಣವು ತಲೆಕೆಳಗಾಯಿತು. ಚಿತ್ರದಲ್ಲಿ ನೋವು ತಟ್ಟದವರು ಮನುಷ್ಯರು. ಪರಸ್ಪರ ಪ್ರೀತಿಸುವವರು, ಸತ್ತ ಸಂಗಾತಿಗಾಗಿ ಕಣ್ಣೀರಿಡುವವರು ಕೃತಕ ಮಾನವರು. ಕಾದಂಬರಿಯನ್ನು ಬಲ್ಲವರು ಇದನ್ನು ದ್ರೋಹವೆನ್ನಬಹುದು. ಈ ಲೇಖಕನಿಗಂತೂ ಇದೇ ಚಿತ್ರದ ದೊಡ್ಡ ಸಾಧನೆಯಾಗಿ ಕಾಣುತ್ತದೆ.

ಹೆಸರಿನ ಕಥೆಯೂ ಸ್ವಾರಸ್ಯಕರ. ‘ಬ್ಲೇಡ್ ರನ್ನರ್’ ಎಂಬ ಪದವು ಡಿಕ್ ಅವರದಲ್ಲ. ಅಲನ್ ನೌರ್ಸ್ ಎಂಬ ವೈದ್ಯ ಲೇಖಕರ 1974ರ ಕಾದಂಬರಿಯಲ್ಲಿ ಕಾನೂನುಬಾಹಿರವಾಗಿ ಚಿಕಿತ್ಸೆ ನೀಡುವ ವೈದ್ಯರಿಗೆ ಕದ್ದು ಶಸ್ತ್ರಚಿಕಿತ್ಸೆಯ ಉಪಕರಣ ತಲುಪಿಸುವವರಿಗೆ ಆ ಹೆಸರಿತ್ತು. ವಿಲಿಯಂ ಬರೋಸ್ ಅದನ್ನು ಆಧರಿಸಿ ಇನ್ನೊಂದು ಕಿರುಪುಸ್ತಕ ಬರೆದರು. ಅದನ್ನು ಓದಿದ್ದ ಫ್ಯಾಂಚರ್‌ಗೆ ಪದದ ಸದ್ದು ಹಿಡಿಸಿತು, ಹಕ್ಕನ್ನು ಕೊಳ್ಳಲಾಯಿತು. ಚಿತ್ರದ ಕಥೆಗೂ ಬ್ಲೇಡಿಗೂ ಸಂಬಂಧವೇ ಇಲ್ಲ. ‘ರೆಪ್ಲಿಕಂಟ್’ ಪದವನ್ನು ಪೀಪಲ್ಸ್ ರೂಪಿಸಿದ್ದು ಜೀವಕೋಶಗಳ ಪ್ರತಿರೂಪಣದ ಬಗ್ಗೆ ಮಗಳಿಂದ ತಿಳಿದುಕೊಂಡ ಬಳಿಕ. ಡಿಕ್ ಅವರು ವಿಶೇಷ ದೃಶ್ಯಗಳ ತುಣುಕೊಂದನ್ನು ನೋಡಿ ಬೆರಗಾಗಿದ್ದರು. ಪೂರ್ಣ ಚಿತ್ರವನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ; 1982ರ ಮಾರ್ಚ್ 2ರಂದು ತೀರಿಕೊಂಡರು.

ಕಪ್ಪು ಚಿತ್ರಗಳ ಪರಂಪರೆ

‘ನ್ವಾರ್’ ಎಂದರೆ ಫ್ರೆಂಚ್ ಭಾಷೆಯಲ್ಲಿ ಕಪ್ಪು. 1940ರ ದಶಕದಲ್ಲಿ ಹಾಲಿವುಡ್‌ನಿಂದ ಹೊರಬಿದ್ದ ಕೆಲವು ಅಪರಾಧ ಚಿತ್ರಗಳನ್ನು ಕುರಿತು 1946ರಲ್ಲಿ ಫ್ರೆಂಚ್ ವಿಮರ್ಶಕ ನಿನೊ ಫ್ರಾಂಕ್ ‘ಫಿಲ್ಮ್ ನ್ವಾರ್’ ಎಂಬ ಮಾತನ್ನು ಬಳಸಿದರು. ‘ದಿ ಮಾಲ್ಟೀಸ್ ಫಾಲ್ಕನ್’ (1941), ‘ಡಬಲ್ ಇಂಡೆಮ್ನಿಟಿ’ (1944) ಈ ಬಗೆಯ ಪ್ರಸಿದ್ಧ ಉದಾಹರಣೆಗಳು. ದಣಿದ ಪತ್ತೇದಾರ, ನಂಬಬಹುದೋ ಬಾರದೋ ತಿಳಿಯದ ಹೆಣ್ಣು, ಕಿಟಕಿಯ ಪಟ್ಟಿಗಳಿಂದ ಸೀಳಿಬರುವ ಬೆಳಕು, ಒದ್ದೆ ಬೀದಿ, ಹಣವಂತರ ಮೇಲುಮಹಡಿಯ ಕೊಳೆತ ನೀತಿ ಇವೆಲ್ಲ ಆ ಚಿತ್ರಗಳ ಲಕ್ಷಣಗಳು. ‘ಬ್ಲೇಡ್ ರನ್ನರ್’ ಇವುಗಳನ್ನು ಬಹುಪಾಲು ಹಾಗೆಯೇ ಸ್ವೀಕರಿಸಿತು. ರೇಚಲ್ ಪಾತ್ರಧಾರಿ ಶಾನ್ ಯಂಗ್ ತೊಡುವ ಅಗಲ ಹೆಗಲಿನ ಉಡುಪು, ಸುತ್ತಿ ಕಟ್ಟಿದ ಕೇಶಶೈಲಿ, ಬೆರಳ ನಡುವಿನ ಸಿಗರೇಟಿನ ಹೊಗೆ ಎಲ್ಲವೂ ನೇರವಾಗಿ 1940ರ ದಶಕದಿಂದಲೇ ಇಳಿದು ಬಂದಂತಿವೆ.

ವಿಜ್ಞಾನ ಕಲ್ಪನೆಗೂ ಕಪ್ಪು ಚಿತ್ರಕ್ಕೂ ನಂಟು ಹೊಸದೆಂದು ತೋರಬಹುದು. ವಾಸ್ತವವಾಗಿ ಎರಡಕ್ಕೂ ಪೂರ್ವಜರು ಒಬ್ಬರೇ. ಜರ್ಮನಿಯಲ್ಲಿ 1927ರಲ್ಲಿ ‘ಮೆಟ್ರೋಪೊಲಿಸ್’ ಚಿತ್ರವನ್ನು ತೆರೆಗೆ ತಂದ ಫ್ರಿಟ್ಸ್ ಲಾಂಗ್, ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ ದೇಶ ಬಿಟ್ಟು ಅಮೆರಿಕ ಸೇರಿ, ‘ದಿ ವುಮನ್ ಇನ್ ದಿ ವಿಂಡೊ’ (1944), ‘ದಿ ಬಿಗ್ ಹೀಟ್’ (1953) ಮುಂತಾದ ಕಪ್ಪು ಚಿತ್ರಗಳ ನಿರ್ದೇಶಕರಾದರು. ಮೇಲೆ ಮಹಲುಗಳಲ್ಲಿ ಒಡೆಯರು, ಕೆಳಗೆ ಕತ್ತಲಲ್ಲಿ ದುಡಿಯುವವರು ಎಂಬ ‘ಮೆಟ್ರೋಪೊಲಿಸ್’ನ ನಕ್ಷೆಯೇ ಟೈರೆಲ್‌ನ ಪಿರಮಿಡ್ ಆಕಾರದ ಸೌಧದಲ್ಲಿ ಮತ್ತೆ ಕಾಣುತ್ತದೆ. ಹೀಗೆ ನೋಡಿದರೆ ಸ್ಕಾಟ್ ಎರಡು ಪ್ರಕಾರಗಳನ್ನು ಬೆಸೆದರು ಎನ್ನುವುದಕ್ಕಿಂತ, ಬೇರೆಯಾಗಿದ್ದ ಎರಡು ಕವಲುಗಳನ್ನು ಮತ್ತೆ ಒಂದೆಡೆ ಸೇರಿಸಿದರು ಎನ್ನುವುದು ಸರಿಯಾದೀತು.

ನಗರವೇ ಒಂದು ಪಾತ್ರ

ಚಿತ್ರದ ಮೊದಲ ದೃಶ್ಯದಲ್ಲಿ ಕೊನೆಯಿಲ್ಲದ ಕಾರ್ಖಾನೆಗಳ ಬಯಲು, ಬೆಂಕಿಯುಗುಳುವ ಚಿಮಣಿಗಳು, ನಡುವೆ ಮಿಂಚು. ಈಶಾನ್ಯ ಇಂಗ್ಲೆಂಡಿನಲ್ಲಿ ಬೆಳೆದ ಸ್ಕಾಟ್ ತಾವು ಕಂಡಿದ್ದ ಟೀಸ್ ನದಿ ಪ್ರದೇಶದ ರಾಸಾಯನಿಕ ಕಾರ್ಖಾನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ನೋಟವನ್ನು ಕಟ್ಟಿದರು. ಕಂಪ್ಯೂಟರ್ ಚಿತ್ರಣದ ಕಾಲವಲ್ಲ ಅದು. ಡಗ್ಲಸ್ ಟ್ರಂಬುಲ್ ಅವರ ತಂಡವು ಹಿತ್ತಾಳೆಯ ತೆಳು ತಗಡುಗಳನ್ನು ಕೊರೆದು ಪುಟ್ಟ ಗೋಪುರಗಳನ್ನು ಮಾಡಿ, ಹಿಂದೆ ಹಿಂದೆ ಹೋದಂತೆ ಗಾತ್ರ ಕಿರಿದಾಗಿಸಿ, ಕೋಣೆಯಲ್ಲಿ ಹೊಗೆ ತುಂಬಿ, ಒಂದೇ ಫಿಲ್ಮಿನ ಮೇಲೆ ಹಲವು ಬಾರಿ ಚಿತ್ರೀಕರಿಸಿ ಆ ಮಹಾನಗರವನ್ನು ಸೃಷ್ಟಿಸಿತು. ಇಂದು ನೋಡಿದರೂ ಅದಕ್ಕೊಂದು ತೂಕವಿದೆ.

ಬೀದಿಗಳನ್ನು ನಿರ್ಮಿಸಿದ್ದು ವಾರ್ನರ್ ಬ್ರದರ್ಸ್ ಸ್ಟುಡಿಯೋದ ಹಳೆಯ ನ್ಯೂಯಾರ್ಕ್ ಬೀದಿಯ ಸೆಟ್ಟಿನ ಮೇಲೆ. ಹತ್ತಾರು ಚಿತ್ರಗಳಲ್ಲಿ ಬಳಕೆಯಾಗಿ ಸವೆದಿದ್ದ ಆ ಸೆಟ್ಟಿಗೆ ಕೊಳವೆ, ತಂತಿ, ಯಂತ್ರಗಳನ್ನು ಮೆತ್ತಿದರು. ಕಲಾ ನಿರ್ದೇಶಕ ಲಾರೆನ್ಸ್ ಪಾಲ್ ಮತ್ತು ಕಾರು ಕಂಪನಿಗಳಲ್ಲಿ ವಿನ್ಯಾಸಕಾರರಾಗಿ ಪಳಗಿದ್ದ ಸಿಡ್ ಮೀಡ್ ಇದರ ಹಿಂದಿದ್ದವರು. ಹೊಸದನ್ನು ಕಟ್ಟಲು ಹಳೆಯದನ್ನು ಕೆಡವುವಷ್ಟು ಹಣ ಯಾರಲ್ಲೂ ಇಲ್ಲ, ಆದ್ದರಿಂದ ಹಳೆಯ ಕಟ್ಟಡದ ಮೇಲೆಯೇ ಹೊಸ ಕೊಳವೆ ಬರುತ್ತದೆ ಎಂಬುದು ಅವರ ಯೋಚನೆಯಾಗಿತ್ತು. ಭವಿಷ್ಯವೆಂದರೆ ಹೊಳೆಯುವ ಬಿಳಿಗೋಡೆ ಎಂದಿದ್ದ ಕಾಲದಲ್ಲಿ, ಭವಿಷ್ಯವೂ ಹಳತಾಗಿ, ತುಕ್ಕುಹಿಡಿದು, ತೇಪೆ ಹಾಕಿಸಿಕೊಂಡಿರುತ್ತದೆ ಎಂದು ತೋರಿಸಿದ್ದು ಹೊಸತನ. ಯಾವುದೇ ಹಳೆಯ ಪೇಟೆಯಲ್ಲಿ ತಲೆಯೆತ್ತಿ ವಿದ್ಯುತ್ ತಂತಿಗಳನ್ನು ಕಂಡವರಿಗೆ ಇದು ಕಲ್ಪನೆಯೆಂದು ಅನಿಸುವುದೇ ಇಲ್ಲ.

ಸೆಟ್ಟಿನ ಜೊತೆಗೆ ಲಾಸ್ ಏಂಜಲೀಸಿನ ನಿಜವಾದ ಕಟ್ಟಡಗಳೂ ಇವೆ. ಆಟಿಕೆ ತಯಾರಿಸುವ ಸೆಬಾಸ್ಟಿಯನ್ ಒಬ್ಬನೇ ವಾಸಿಸುವ ಪಾಳುಮನೆಯು 1893ರ ಬ್ರಾಡ್‌ಬರಿ ಕಟ್ಟಡ. ‘ಡಿ.ಒ.ಎ.’ (1950) ಎಂಬ ಕಪ್ಪು ಚಿತ್ರಕ್ಕೂ ಅದೇ ಕಟ್ಟಡ ಬಳಕೆಯಾಗಿತ್ತು. ಡೆಕರ್ಡ್‌ನ ಮನೆಯ ಕೆತ್ತನೆಯ ಗೋಡೆಗಳು ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ವಿನ್ಯಾಸಗೊಳಿಸಿದ, 1924ರಲ್ಲಿ ಪೂರ್ಣಗೊಂಡ ಎನ್ನಿಸ್ ಮನೆಯವು. ಪೊಲೀಸ್ ಠಾಣೆಯಾಗಿ ಕಾಣುವುದು ಯೂನಿಯನ್ ರೈಲು ನಿಲ್ದಾಣ.

ಛಾಯಾಗ್ರಾಹಕ ಜಾರ್ಡನ್ ಕ್ರಾನೆನ್ವೆತ್ ಅವರ ಕೆಲಸದ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಪಾರ್ಕಿನ್ಸನ್ ಕಾಯಿಲೆಯ ತೊಂದರೆಯ ನಡುವೆಯೂ ಅವರು ರಾತ್ರಿ ಚಿತ್ರೀಕರಣಗಳಲ್ಲಿ ದುಡಿದರು. ಇಲ್ಲಿ ಬೆಳಕು ಒಳಗಿನಿಂದ ಬರುವುದಿಲ್ಲ, ಹೊರಗಿನಿಂದ ಇರಿಯುತ್ತದೆ. ಆಕಾಶದಲ್ಲಿ ತೇಲುವ ಜಾಹೀರಾತು ನೌಕೆಯ ದೀಪಗಳು ಮನೆಯೊಳಗೂ ಹೊಕ್ಕು ಹಾದುಹೋಗುತ್ತವೆ. ಯಾರಿಗೂ ಖಾಸಗಿ ಕತ್ತಲೆ ಇಲ್ಲ. ಕೃತಕ ಮಾನವರ ಕಣ್ಣು ಕೆಲವೊಮ್ಮೆ ಬೆಕ್ಕಿನ ಕಣ್ಣಿನಂತೆ ಮಿನುಗುವುದಕ್ಕೆ ಕ್ಯಾಮೆರಾದ ಮುಂದೆ ಅರೆಪಾರದರ್ಶಕ ಗಾಜನ್ನು ಓರೆಯಾಗಿಟ್ಟು, ಅದರಿಂದ ಪ್ರತಿಫಲಿಸಿದ ಬೆಳಕನ್ನು ನೇರ ಕಣ್ಣಿಗೆ ಬಿಡುವ ಉಪಾಯ ಮಾಡಿದ್ದರು. ಇವೆಲ್ಲವನ್ನೂ ಗ್ರೀಕ್ ಸಂಗೀತಗಾರ ವ್ಯಾಂಜೆಲಿಸ್ ಅವರ ಸಿಂಥಸೈಸರ್ ಸಂಗೀತವು ಒಂದೇ ನಿಟ್ಟುಸಿರಿನಂತೆ ಹಿಡಿದಿಟ್ಟಿದೆ. ಆಶ್ಚರ್ಯವೆಂದರೆ ಆ ಮೂಲ ಸಂಗೀತದ ಅಧಿಕೃತ ಧ್ವನಿಮುದ್ರಿಕೆ ಹೊರಬಂದದ್ದು 1994ರಲ್ಲಿ, ಅಂದರೆ ಚಿತ್ರ ಬಂದು 12 ವರ್ಷಗಳ ನಂತರ.

ಸೋಲು

ಸುಮಾರು 2.8 ಕೋಟಿ ಡಾಲರ್ ವೆಚ್ಚದ ಚಿತ್ರವು ಮೊದಲ ವಾರಾಂತ್ಯದಲ್ಲಿ ಗಳಿಸಿದ್ದು ಸುಮಾರು 61 ಲಕ್ಷ ಡಾಲರ್. ಎರಡು ವಾರ ಮೊದಲು ಬಂದಿದ್ದ ಸ್ಟೀವನ್ ಸ್ಪೀಲ್‌ಬರ್ಗ್ ಅವರ ‘ಇ.ಟಿ.’ ಜನರ ಮನಗೆದ್ದಾಗಿತ್ತು. ಅನ್ಯಲೋಕದ ಜೀವಿಯೊಂದು ಮಕ್ಕಳೊಡನೆ ಸ್ನೇಹ ಬೆಳೆಸುವ ಕಥೆಯ ಮುಂದೆ ಈ ಮಳೆಗಾಲದ ಮಂಕು ಯಾರಿಗೆ ಬೇಕು? ಜಾನ್ ಕಾರ್ಪೆಂಟರ್ ಅವರ ‘ದಿ ಥಿಂಗ್’ ಇದೇ ದಿನ ಬಿಡುಗಡೆಯಾಗಿ ಇದೇ ಗತಿ ಕಂಡಿತು. ಅದೂ ಇಂದು ಗಣ್ಯ ಚಿತ್ರ. ‘ಸ್ಟಾರ್ ವಾರ್ಸ್’ ಖ್ಯಾತಿಯ ಫೋರ್ಡ್ ಅವರ ಸಾಹಸ ನೋಡಲು ಬಂದವರಿಗೆ ಹೊಡೆತ ತಿಂದೇ ದಣಿಯುವ ನಾಯಕ ಎದುರಾದನು. ಆಸ್ಕರ್ ಸ್ಪರ್ಧೆಯಲ್ಲಿ ಎರಡು ನಾಮನಿರ್ದೇಶನಗಳು ದೊರೆತವು. ಕಲಾ ನಿರ್ದೇಶನದ ಪ್ರಶಸ್ತಿಯು ರಿಚರ್ಡ್ ಅಟೆನ್‌ಬರೊ ಅವರ ‘ಗಾಂಧಿ’ಗೆ ಹೋಯಿತು, ವಿಶೇಷ ದೃಶ್ಯಗಳದ್ದು ‘ಇ.ಟಿ.’ಗೆ. ಬ್ರಿಟಿಷ್ ಅಕಾಡೆಮಿ ಮಾತ್ರ ಛಾಯಾಗ್ರಹಣ, ವಸ್ತ್ರವಿನ್ಯಾಸ, ಕಲಾ ನಿರ್ದೇಶನಗಳಿಗೆ ಮೂರು ಪ್ರಶಸ್ತಿಗಳನ್ನಿತ್ತು ಮನ್ನಿಸಿತು.

ಒಂದೇ ಚಿತ್ರ, ಹಲವು ರೂಪ

ಈ ಚಿತ್ರದ ಬಗ್ಗೆ ಇಬ್ಬರು ಮಾತನಾಡುವಾಗ ಇಬ್ಬರೂ ನೋಡಿದ್ದು ಒಂದೇ ಚಿತ್ರವೆಂದು ಹೇಳುವಂತಿಲ್ಲ. ಸಾಮಾನ್ಯವಾಗಿ ಏಳು ರೂಪಗಳನ್ನು ಲೆಕ್ಕ ಹಾಕುತ್ತಾರೆ. ಅವುಗಳಲ್ಲಿ ಮುಖ್ಯವಾದವು ನಾಲ್ಕು.

1982ರ ಮಾರ್ಚ್‌ನಲ್ಲಿ ಡೆನ್ವರ್ ಮತ್ತು ಡಲ್ಲಾಸ್ ನಗರಗಳಲ್ಲಿ ಪರೀಕ್ಷಾರ್ಥ ಪ್ರದರ್ಶನ ನಡೆಯಿತು. ಪ್ರೇಕ್ಷಕರಿಗೆ ಕಥೆ ಅರ್ಥವಾಗಲಿಲ್ಲ, ಮುಕ್ತಾಯ ಹಿಡಿಸಲಿಲ್ಲ. ಖರ್ಚು ಮಿತಿ ಮೀರಿದ್ದರಿಂದ ಚಿತ್ರದ ಮೇಲಿನ ಹಿಡಿತವು ಹಣದ ಭರವಸೆ ನೀಡಿದ್ದವರ ಕೈ ಸೇರಿತ್ತು. ಡೆಕರ್ಡ್‌ನ ದನಿಯಲ್ಲಿ ಕಥೆಯುದ್ದಕ್ಕೂ ನಿರೂಪಣೆಯನ್ನು ಸೇರಿಸಲಾಯಿತು. ಕೊನೆಯಲ್ಲಿ ಡೆಕರ್ಡ್ ಮತ್ತು ರೇಚಲ್ ಹಸಿರು ಬೆಟ್ಟಗಳ ನಡುವೆ ಕಾರಿನಲ್ಲಿ ಸಾಗುವ ಸುಖಾಂತ್ಯ ಬಂದಿತು. ಆ ಬೆಟ್ಟಗಳ ವೈಮಾನಿಕ ನೋಟಗಳು ಸ್ಟ್ಯಾನ್ಲಿ ಕೂಬ್ರಿಕ್ ಅವರು ‘ದಿ ಶೈನಿಂಗ್’ (1980) ಚಿತ್ರಕ್ಕೆಂದು ತೆಗೆಸಿ ಉಳಿಸಿದ್ದ ತುಣುಕುಗಳು. ಅದುವರೆಗೆ ಸೂರ್ಯನನ್ನೇ ಸರಿಯಾಗಿ ಕಾಣದ ಲೋಕದ ಪಕ್ಕದಲ್ಲೇ ಇಷ್ಟು ಹಸಿರು ಇತ್ತೆಂದರೆ ಜನರೆಲ್ಲ ಆ ಮಳೆಯಲ್ಲಿ ಏಕೆ ನೆನೆಯುತ್ತಿದ್ದರು ಎಂಬ ಪ್ರಶ್ನೆಗೆ ಉತ್ತರವಿಲ್ಲ. ರೇಚಲ್‌ಗೆ ನಾಲ್ಕು ವರ್ಷಗಳ ಗಡುವಿಲ್ಲ ಎಂಬ ಸಮಾಧಾನವನ್ನೂ ನಿರೂಪಣೆಯೇ ಒದಗಿಸಿತು.

ಹಳೆಯ ಪರೀಕ್ಷಾರ್ಥ ಪ್ರತಿಯೊಂದು 1990ರಲ್ಲಿ ಲಾಸ್ ಏಂಜಲೀಸಿನ ಚಿತ್ರಮಂದಿರದಲ್ಲಿ ಅನಿರೀಕ್ಷಿತವಾಗಿ ತೆರೆಯ ಮೇಲೆ ಮೂಡಿತು. ಜನ ಮುಗಿಬಿದ್ದರು. ಇದರಿಂದ ಎಚ್ಚೆತ್ತ ವಾರ್ನರ್ ಸಂಸ್ಥೆಯು 1992ರಲ್ಲಿ ‘ಡೈರೆಕ್ಟರ್ಸ್ ಕಟ್’ ಬಿಡುಗಡೆ ಮಾಡಿತು. ನಿರೂಪಣೆ ಹೋಯಿತು, ಸುಖಾಂತ್ಯ ಹೋಯಿತು, ಡೆಕರ್ಡ್ ಕಾಣುವ ಒಂಟಿಕೊಂಬಿನ ಕುದುರೆಯ ಕನಸು ಬಂದಿತು. ಆದರೆ ಅವಸರದಲ್ಲಿ ಸಿದ್ಧವಾದ ಆ ರೂಪವು ಸ್ಕಾಟ್ ಅವರಿಗೆ ಪೂರ್ತಿ ತೃಪ್ತಿ ನೀಡಿರಲಿಲ್ಲ. ಅವರ ಸಂಪೂರ್ಣ ಹಿಡಿತದಲ್ಲಿ ರೂಪುಗೊಂಡದ್ದು 2007ರ ‘ಫೈನಲ್ ಕಟ್’ ಒಂದೇ. ಇದರಲ್ಲಿ ಹಳೆಯ ಸಣ್ಣಪುಟ್ಟ ಲೋಪಗಳನ್ನೂ ತಿದ್ದಿದರು. ಗಾಜು ಒಡೆದು ಓಡುವ ಝೋರಾಳ ದೃಶ್ಯದಲ್ಲಿ ಸಾಹಸ ಕಲಾವಿದೆಯ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ನಟಿ ಜೊಯಾನಾ ಕ್ಯಾಸಿಡಿ ಅವರ ಮುಖವನ್ನು ಹೊಸದಾಗಿ ಚಿತ್ರೀಕರಿಸಿ ಕೂಡಿಸಲಾಯಿತು. ತಪ್ಪಿಸಿಕೊಂಡವರು ಆರು ಮಂದಿ, ಸತ್ತವನು ಒಬ್ಬ, ಉಳಿದು ತೋರುವವರು ನಾಲ್ವರು ಎಂಬ ಹಳೆಯ ಲೆಕ್ಕದ ಎಡವಟ್ಟು 25 ವರ್ಷಗಳ ಬಳಿಕ ಸರಿಹೋಯಿತು. ಆ ಐದನೆಯವನೇ ಡೆಕರ್ಡ್ ಎಂದು ಅಷ್ಟರವರೆಗೆ ವಾದ ಹೂಡಿದ್ದವರಿಗೆ ನಿರಾಶೆಯಾಗಿರಬೇಕು. 1982ರಲ್ಲಿ ಚಿತ್ರವನ್ನು ಅಷ್ಟಾಗಿ ಮೆಚ್ಚದಿದ್ದ ವಿಮರ್ಶಕ ರೋಜರ್ ಈಬರ್ಟ್ ಈ ರೂಪ ಬಂದಾಗ ಇದನ್ನು ತಮ್ಮ ಮಹಾನ್ ಚಿತ್ರಗಳ ಪಟ್ಟಿಗೆ ಸೇರಿಸಿಕೊಂಡರು.

ನಿರೂಪಣೆಯನ್ನು ಸಮರ್ಥಿಸುವವರು ಈಗಲೂ ಇದ್ದಾರೆ. ಕಪ್ಪು ಚಿತ್ರಗಳಲ್ಲಿ ನಾಯಕನ ಸ್ವಗತವು ಪರಂಪರೆಯೇ ಅಲ್ಲವೇ ಎಂಬುದು ಅವರ ವಾದ. ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ‘ಡಬಲ್ ಇಂಡೆಮ್ನಿಟಿ’ಯಲ್ಲಿ ಮಾತನಾಡುವವನು ಗುಂಡೇಟು ತಿಂದು ತನ್ನ ಅಪರಾಧವನ್ನು ತಾನೇ ಒಪ್ಪಿಕೊಳ್ಳುತ್ತಿರುತ್ತಾನೆ, ಅವನ ಮಾತು ಕಥೆಯ ಭಾಗ. ಇಲ್ಲಿಯ ದನಿಯು ಕಣ್ಣಿಗೆ ಕಾಣುವುದನ್ನೇ ವಿವರಿಸುತ್ತದೆ. ಗ್ಯಾಫ್ ಎಂಬ ಪೊಲೀಸನು ಹಂಗೇರಿಯನ್, ಜಪಾನಿ, ಜರ್ಮನ್ ಮೊದಲಾದ ಭಾಷೆಗಳನ್ನು ಕಲಸಿ ಮಾತನಾಡುವಾಗ, ಅದು ಕಲಬೆರಕೆ ಭಾಷೆಯೆಂದು ತಿಳಿಸುತ್ತದೆ. ಪಾತ್ರಧಾರಿ ಎಡ್ವರ್ಡ್ ಜೇಮ್ಸ್ ಓಲ್ಮೋಸ್ ತಾವೇ ಶ್ರಮಪಟ್ಟು ಕಟ್ಟಿದ ಆ ಬೀದಿಮಾತು ಕೇಳಿದ ಕೂಡಲೇ ತಿಳಿಯುವಂತಿದೆ, ವಿವರಣೆ ಬೇಕಿರಲಿಲ್ಲ.

ದೊಡ್ಡ ಹಾನಿ ಬೇರೆ ಕಡೆ ಆಯಿತು. ನಿರೂಪಣೆ ಯಾರದೋ ಪ್ರೇಕ್ಷಕನೂ ಅವನ ಪಕ್ಷ. ಡೆಕರ್ಡ್‌ನ ದನಿ ಕಿವಿಯಲ್ಲಿದ್ದಷ್ಟು ಹೊತ್ತು ನಾವು ಬೇಟೆಗಾರನ ಒಳಗೆ ಕುಳಿತು ಬೇಟೆಯನ್ನು ನೋಡುತ್ತೇವೆ. ದನಿ ನಿಂತಾಗ ಅವನು ನಿಜವಾಗಿ ಏನು ಮಾಡುತ್ತಾನೆ ಎಂಬುದು ಕಾಣತೊಡಗುತ್ತದೆ.

ಪರೀಕ್ಷೆಯಲ್ಲಿ ತೇರ್ಗಡೆಯಾದವರು

ಏನು ಮಾಡುತ್ತಾನೆ? ಇಡೀ ಚಿತ್ರದಲ್ಲಿ ಡೆಕರ್ಡ್ ಕೊಲ್ಲುವುದು ಇಬ್ಬರನ್ನು, ಇಬ್ಬರೂ ಹೆಣ್ಣುಗಳು. ಝೋರಾಳಿಗೆ ಗುಂಡು ಬೀಳುವುದು ಓಡಿಹೋಗುವಾಗ, ಬೆನ್ನಿಗೆ. ಅವಳು ಗಾಜಿನ ಗೋಡೆಗಳನ್ನು ಒಂದಾದ ಮೇಲೊಂದು ಒಡೆದುಕೊಂಡು ಬೀಳುವ ದೃಶ್ಯವನ್ನು ಸ್ಕಾಟ್ ಎಷ್ಟು ನಿಧಾನವಾಗಿ ತೋರಿಸುತ್ತಾರೆಂದರೆ, ಅದನ್ನು ಗೆಲುವೆಂದು ಭಾವಿಸಲು ಯಾರಿಗೂ ಸಾಧ್ಯವಾಗದು. ಎರಡನೆಯವಳು ಪ್ರಿಸ್. ಇದಕ್ಕೆ ಪ್ರತಿಯಾಗಿ ಡೆಕರ್ಡ್‌ನ ಪ್ರಾಣ ಎರಡು ಸಲ ಉಳಿಯುತ್ತದೆ. ಲಿಯಾನ್‌ನ ಕೈಯಿಂದ ಒಮ್ಮೆ ಉಳಿಸಿದವಳು ರೇಚಲ್, ಸೂರಿನ ತುದಿಯಿಂದ ಇನ್ನೊಮ್ಮೆ ಉಳಿಸಿದವನು ರಾಯ್ ಬ್ಯಾಟಿ. ಇಬ್ಬರೂ ಕೃತಕ ಮಾನವರು.

ಕೃತಕ ಮಾನವರನ್ನು ಗುರುತಿಸಲು ಪೊಲೀಸರು ಬಳಸುವುದು ‘ವಾಯ್ಟ್ ಕಾಂಫ್’ ಪರೀಕ್ಷೆ. ಪ್ರಾಣಿಗಳ ನೋವಿನ ಕುರಿತು ಪ್ರಶ್ನೆಗಳನ್ನು ಕೇಳುತ್ತ ಕಣ್ಣಪಾಪೆಯ ಚಲನೆಯನ್ನು ಅಳೆಯುತ್ತಾರೆ. ಕರುಣೆ ಇದ್ದರೆ ಮನುಷ್ಯ, ಇಲ್ಲದಿದ್ದರೆ ವಸ್ತು. ಈ ಪರೀಕ್ಷೆಯನ್ನು ಚಿತ್ರವು ಆರಂಭದಲ್ಲಿಯೇ ಇಟ್ಟು, ನಂತರ ಹೆಸರೆತ್ತದೆ ಇಡೀ ಕಥೆಯನ್ನೇ ಪರೀಕ್ಷೆಯಾಗಿಸುತ್ತದೆ. ಟೈರೆಲ್‌ನಲ್ಲಿ ಕರುಣೆ ಇಲ್ಲ. ತನ್ನ ಸೃಷ್ಟಿಯೊಂದು ಎದುರು ನಿಂತು ಆಯುಸ್ಸು ಬೇಡಿದಾಗ ಅವನು ಬೋಧಿಸುವುದು ಜೀವರಸಾಯನಶಾಸ್ತ್ರ. ಪೊಲೀಸ್ ಅಧಿಕಾರಿಯಲ್ಲಿ ಇಲ್ಲ. ಡೆಕರ್ಡ್‌ನಲ್ಲಿ ಮಿಣುಕುಮಿಣುಕಾಗಿ ಇದೆ. ಬ್ಯಾಟಿಯೇನೂ ಸಂತನಲ್ಲ. ತನ್ನನ್ನು ಸೃಷ್ಟಿಸಿದವನನ್ನು ಚುಂಬಿಸಿ, ಅದೇ ಕೈಯಿಂದ ಅವನ ತಲೆಯನ್ನು ಹಿಸುಕುತ್ತಾನೆ. ತನಗೆ ನೆರವಾದ ಸೆಬಾಸ್ಟಿಯನ್‌ನನ್ನೂ ಉಳಿಸುವುದಿಲ್ಲ. ಇಂಥವನಿಂದ ಕೊನೆಗೆ ಬರುವ ಕರುಣೆಯಾದ್ದರಿಂದಲೇ ಅದಕ್ಕೆ ಬೆಲೆ.

ಆ ಕೊನೆಯ ದೃಶ್ಯ ನೆನಪಿಸಿಕೊಳ್ಳಿ. ಬ್ಯಾಟಿಯ ದೇಹ ಸೋಲುತ್ತಿದೆ. ಸೆಟೆದುಕೊಳ್ಳುವ ಅಂಗೈಗೆ ತಾನೇ ಮೊಳೆ ಚುಚ್ಚಿಕೊಂಡು ಎಚ್ಚರವಾಗಿಟ್ಟುಕೊಳ್ಳುತ್ತಾನೆ. ಸತ್ತ ಇಬ್ಬರು ಸಂಗಾತಿಗಳ ಹೆಸರಿನಲ್ಲಿ ಡೆಕರ್ಡ್‌ನ ಎರಡು ಬೆರಳು ಮುರಿಯುತ್ತಾನೆ. ಬೇಟೆಗಾರನೇ ಬೇಟೆಯಾಗಿ ಓಡಿ, ಕಟ್ಟಡದ ಅಂಚಿನಲ್ಲಿ ನೇತಾಡುತ್ತಾನೆ. ಭಯದಲ್ಲಿ ಬದುಕುವುದೇ ಗುಲಾಮಗಿರಿ ಎಂಬುದನ್ನು ಅವನಿಗೆ ಮನವರಿಕೆ ಮಾಡಿಕೊಟ್ಟು, ಕೈ ಜಾರುವ ಕ್ಷಣದಲ್ಲಿ ಬ್ಯಾಟಿ ಅವನನ್ನು ಹಿಡಿದು ಮೇಲೆತ್ತುತ್ತಾನೆ. ಬಳಿಕ ತಾನು ಕಂಡ ದೂರದ ನೋಟಗಳು ತನ್ನೊಡನೆಯೇ ಅಳಿಯುವ ದುಃಖವನ್ನು ನಾಲ್ಕು ಮಾತುಗಳಲ್ಲಿ ಹೇಳಿ ತಲೆಬಾಗುತ್ತಾನೆ. ಚಿತ್ರಕಥೆಯಲ್ಲಿ ಉದ್ದವಾಗಿದ್ದ ಆ ಮಾತನ್ನು ಚಿತ್ರೀಕರಣದ ಹಿಂದಿನ ರಾತ್ರಿ ಹೌವರ್ ಕತ್ತರಿಸಿ, ಮಳೆಯಲ್ಲಿ ಕರಗುವ ಕಣ್ಣೀರಿನ ಹೋಲಿಕೆಯನ್ನು ತಾವೇ ಸೇರಿಸಿದರು.

ಡೆಕರ್ಡ್ ಸ್ವತಃ ಕೃತಕ ಮಾನವನೇ ಎಂಬ ಪ್ರಶ್ನೆಯೇ ಇಂದು ಈ ಚಿತ್ರದ ಚರ್ಚೆಯನ್ನೆಲ್ಲ ಆವರಿಸಿದೆ. ಕನಸಿನ ಒಂಟಿಕೊಂಬಿನ ಕುದುರೆ ಮತ್ತು ಗ್ಯಾಫ್ ಬಿಟ್ಟುಹೋಗುವ ಕಾಗದದ ಕುದುರೆ ಎರಡನ್ನೂ ಕೂಡಿಸಿದರೆ, ಅವನ ಕನಸು ಗ್ಯಾಫ್‌ಗೆ ಮೊದಲೇ ಗೊತ್ತಿತ್ತೆಂದು ಅರ್ಥವಾಗುತ್ತದೆ. ಹೌದು, ಕೃತಕನೇ ಎಂದು ಸ್ಕಾಟ್ ಬಹಿರಂಗವಾಗಿ ಹೇಳಿದ್ದಾರೆ. ಫೋರ್ಡ್ ಬಹುಕಾಲ ಇದನ್ನು ಒಪ್ಪಲಿಲ್ಲ. ಪ್ರೇಕ್ಷಕನಿಗೆ ತೆರೆಯ ಮೇಲೆ ತನ್ನವನೆನ್ನಲು ಒಬ್ಬ ಮನುಷ್ಯನಾದರೂ ಬೇಕು ಎಂಬುದು ಅವರ ನಿಲುವಾಗಿತ್ತು. ನಿರ್ದೇಶಕರ ಮಾತಿಗೆ ತಕ್ಕ ಗೌರವ ಸಲ್ಲಿಸಿಯೂ ಇಲ್ಲಿ ನಟನ ಪಕ್ಷವೇ ಸರಿಯೆನಿಸುತ್ತದೆ. ಡೆಕರ್ಡ್ ಕೃತಕನಾದರೆ, ಬ್ಯಾಟಿ ಉಳಿಸಿದ್ದು ತನ್ನ ಜಾತಿಯವನನ್ನೇ ಆಗುತ್ತದೆ. ಅವನು ಮನುಷ್ಯನಾದರೆ, ಗುಲಾಮನೊಬ್ಬನು ತನ್ನನ್ನು ಕೊಲ್ಲಲು ಬಂದ ಒಡೆಯರ ಕಡೆಯವನಿಗೆ ಪ್ರಾಣಭಿಕ್ಷೆ ನೀಡಿದಂತೆ. ಎರಡನೆಯ ಕಥೆ ದೊಡ್ಡದು. ಕುದುರೆಯ ಒಗಟಿನಲ್ಲಿ ಅದನ್ನು ಕಳೆದುಕೊಳ್ಳುವುದು ನಷ್ಟ.

ಮೆಚ್ಚಿಕೊಂಡು ಬರೆಯುವಾಗ ಮರೆಮಾಚಬಾರದ ಸಂಗತಿಗಳೂ ಇವೆ. ಡೆಕರ್ಡ್ ಬಾಗಿಲಿಗೆ ಅಡ್ಡ ನಿಂತು ರೇಚಲ್‌ಳನ್ನು ತಡೆದು, ತಾನು ಹೇಳಿಕೊಟ್ಟ ಮಾತುಗಳನ್ನೇ ಅವಳಿಂದ ಆಡಿಸುವ ಪ್ರಣಯದೃಶ್ಯವು ಬಲಾತ್ಕಾರಕ್ಕೆ ತೀರ ಹತ್ತಿರದ್ದು. ಸಂಗೀತದ ಮಾಧುರ್ಯ ಅದನ್ನು ಮುಚ್ಚಲಾರದು. ಚೀನಿ, ಜಪಾನಿ ಚಹರೆಗಳಿಂದ ತುಂಬಿದ ಬೀದಿಯಲ್ಲಿ ಏಷ್ಯಾದವರಿಗೆ ದಕ್ಕಿದ್ದು ಬಹುತೇಕ ಹಿನ್ನೆಲೆಯ ಗದ್ದಲ ಮಾತ್ರ. ಕಣ್ಣುಗಳನ್ನು ತಯಾರಿಸುವ ಚ್ಯೂ ಪಾತ್ರದಲ್ಲಿ ಜೇಮ್ಸ್ ಹಾಂಗ್ ಒಂದೇ ದೃಶ್ಯದಲ್ಲಿ ನೆನಪುಳಿಯುತ್ತಾರೆ. ಪತ್ತೇದಾರಿಯ ಎಳೆಯೂ ತೆಳುವೇ. ಬಿಗಿಯಾದ ಪತ್ತೇದಾರಿ ಕಥೆ ಬೇಕೆನ್ನುವವರು ಇಲ್ಲಿ ಆಕಳಿಸಿಯಾರು.

ಪ್ರಭಾವದ ಮಾತು ದೀರ್ಘವಾಗಿ ಬೇಕಿಲ್ಲ. ‘ನ್ಯೂರೊಮ್ಯಾನ್ಸರ್’ (1984) ಬರೆಯುತ್ತಿದ್ದ ವಿಲಿಯಂ ಗಿಬ್ಸನ್, ತಮ್ಮ ಕಾದಂಬರಿ ಇದರ ನಕಲಿನಂತೆ ಕಂಡೀತೆಂದು ಹೆದರಿ ಅರ್ಧಕ್ಕೇ ಎದ್ದು ಬಂದರಂತೆ. ಜಪಾನಿನ ‘ಘೋಸ್ಟ್ ಇನ್ ದಿ ಶೆಲ್’ (1995) ಮೊದಲ್ಗೊಂಡು ಬಂದ ಎಷ್ಟೋ ಚಿತ್ರಗಳ ಮಳೆಬೀದಿಗಳು ಇಲ್ಲಿಂದಲೇ ಹೊರಟವು. ಡೆನಿ ವಿಲ್‌ನವ್ ನಿರ್ದೇಶನದ ಮುಂದುವರಿದ ಭಾಗ ‘ಬ್ಲೇಡ್ ರನ್ನರ್ 2049’ 2017ರಲ್ಲಿ ಬಂದಿತು. ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಅವರಿಗೆ ಮೊದಲ ಆಸ್ಕರ್ ತಂದಿತ್ತ ಅದೂ ಗಲ್ಲಾಪೆಟ್ಟಿಗೆಯಲ್ಲಿ ನಿರೀಕ್ಷೆ ಮುಟ್ಟಲಿಲ್ಲ. ಮನೆತನದ ಗುಣವಿರಬೇಕು.

ಮೊದಲ ಬಾರಿಗೆ ನೋಡುವವರು 2007ರ ರೂಪವನ್ನೇ ಆಯ್ದುಕೊಳ್ಳುವುದು ಲೇಸು. ಅವಧಿ ಎರಡು ಗಂಟೆಗೆ ತುಸು ಕಡಿಮೆ. ರಾತ್ರಿ, ದೀಪ ಆರಿಸಿ, ಧ್ವನಿ ಚೆನ್ನ ಏರಿಸಿ ನೋಡಬೇಕಾದ ಚಿತ್ರವಿದು. ಹಿಡಿಸಿದರೆ, ಕೆಲವು ದಿನ ಬಿಟ್ಟು 1982ರ ರೂಪವನ್ನು ಹುಡುಕಿ ಬ್ಯಾಟಿಯ ಸಾವಿನ ದೃಶ್ಯವೊಂದನ್ನಾದರೂ ನೋಡಿ. ಪಾರಿವಾಳ ಹಾರಿದ ಬಳಿಕ ಡೆಕರ್ಡ್‌ನ ದನಿ ಬಂದು, ಅವನು ತನ್ನನ್ನೇಕೆ ಉಳಿಸಿದನೋ, ಪ್ರಾಯಶಃ ಕಡೆಗಳಿಗೆಯಲ್ಲಿ ಜೀವದ ಮೇಲೆ ಹಿಂದೆಂದೂ ಇಲ್ಲದ ಪ್ರೀತಿ ಹುಟ್ಟಿತ್ತೇನೋ ಎಂದು ವಿವರಿಸತೊಡಗುತ್ತದೆ. 2007ರ ರೂಪದಲ್ಲಿ ಅಲ್ಲಿ ಮಳೆಯ ಸದ್ದಿದೆ, ಸಂಗೀತವಿದೆ, ಮುರಿದ ಬೆರಳುಗಳನ್ನು ಹಿಡಿದು ಕುಳಿತ ಮನುಷ್ಯನೊಬ್ಬನ ಮುಖವಿದೆ.